ಕೇಳದೆ ತೆರೆಯುವ ಕಿಟಕಿಗಳು

ಗೋಡೆಯ ಮೇಲಿನ ಜಾಹೀರಾತಿಗೂ ಜಾಲತಾಣದಲ್ಲಿ ಧುತ್ತೆಂದು ಎದುರಿಗೆ ಬಂದು ನಿಲ್ಲುವ ಜಾಹೀರಾತಿಗೂ ಮೂಲಭೂತವಾದ ಒಂದು ವ್ಯತ್ಯಾಸವುಂಟು. ಗೋಡೆಯ ಮೇಲಿನದನ್ನು ನೋಡುವುದೂ ಬಿಡುವುದೂ ದಾರಿಹೋಕನ ಇಚ್ಛೆಗೆ ಸೇರಿದ್ದು. ಅವನು ಮುಖ ತಿರುಗಿಸಿದರೆ ಅದು ಅವನನ್ನು ಹಿಂಬಾಲಿಸಲಾರದು. ವೃತ್ತಪತ್ರಿಕೆಯ ಜಾಹೀರಾತೂ ಹಾಗೆಯೇ. ಪುಟ ಮಗುಚಿದರೆ ಅದರ ಅಧಿಕಾರ ಮುಗಿಯಿತು. ಆದರೆ ಪಾಠವನ್ನೋ ಸುದ್ದಿಯನ್ನೋ ಪರೀಕ್ಷೆಯ ಫಲಿತಾಂಶವನ್ನೋ ನೋಡಲು ಹೋದಾಗ ಪರದೆಯನ್ನೆಲ್ಲ ಆವರಿಸಿಕೊಳ್ಳುವ ಪಾಪ್-ಅಪ್ ಜಾಹೀರಾತು ಓದುಗನ ದಾರಿಯನ್ನೇ ಅಡ್ಡಗಟ್ಟುತ್ತದೆ. ಅದನ್ನು ಮುಚ್ಚಲು ಇಟ್ಟಿರುವ ಗುಣಾಕಾರ ಚಿಹ್ನೆಯಾದರೋ ಸಾಸಿವೆ ಕಾಳಿನಷ್ಟು ಚಿಕ್ಕದು. ಬೆರಳು ತುಸು ಜಾರಿದರೆ ಮುಚ್ಚಬೇಕಾದದ್ದು ಮುಚ್ಚದೆ, ನಮಗೆ ಬೇಡವಾದ ಯಾವುದೋ ಅಂಗಡಿಯ ಬಾಗಿಲು ತೆರೆದುಕೊಳ್ಳುತ್ತದೆ.

ಈ ಉಪದ್ರವವನ್ನು ಅನೇಕರು ಮಳೆ ಬಿಸಿಲುಗಳಂತೆ ತಪ್ಪಿಸಲಾಗದ ಸಂಗತಿಯೆಂದು ಭಾವಿಸಿ ಸಹಿಸಿಕೊಂಡಿದ್ದಾರೆ. ಈ ಭಾವನೆ ಸರಿಯಲ್ಲ. ಪಾಪ್-ಅಪ್ ಪ್ರಕೃತಿಯ ನಿಯಮವೇನೂ ಅಲ್ಲ. ಮನುಷ್ಯರು ಬರೆದ ಆಜ್ಞೆಗಳ ಫಲ. ಅದು ಏಕೆ ಹುಟ್ಟಿತು, ಯಾವುದರಿಂದ ಪೋಷಿತವಾಗಿದೆ ಎಂಬುದನ್ನು ಅರಿತರೆ ಅದರ ನಿವಾರಣೆಯ ಮಾರ್ಗವೂ ಸ್ಪಷ್ಟವಾಗುವುದು.

೧೯೯೪ನೆಯ ಇಸವಿಯ ಅಕ್ಟೋಬರ್ ೨೭ರಂದು ಅಮೆರಿಕದ ‘ಹಾಟ್‌ವೈರ್ಡ್’ ಎಂಬ ಜಾಲಪತ್ರಿಕೆಯು ತನ್ನ ಪುಟಗಳಲ್ಲಿ ಆಯತಾಕಾರದ ಜಾಹೀರಾತು ಪಟ್ಟಿಗಳನ್ನು ಪ್ರಕಟಿಸಿತು. ಜಾಲದಲ್ಲಿ ಇಂದು ಕಾಣುವ ಚಿತ್ರಪಟ್ಟಿಗಳ ಪರಂಪರೆ ಅಲ್ಲಿಂದ ಆರಂಭವಾಯಿತೆನ್ನಬಹುದು. ಅವು ನಿರುಪದ್ರವಿಗಳು, ಗೋಡೆಯ ಭಿತ್ತಿಪತ್ರದ ಜಾತಿಗೆ ಸೇರಿದವು. ಮರುವರ್ಷ, ೧೯೯೫ರಲ್ಲಿ, ನೆಟ್‌ಸ್ಕೇಪ್ ಸಂಸ್ಥೆಯ ಬ್ರೆಂಡನ್ ಐಕ್ ಅವರು ಜಾವಾಸ್ಕ್ರಿಪ್ಟ್ ಎಂಬ ಗಣಕಭಾಷೆಯನ್ನು ರಚಿಸಿದರು. ಅಲ್ಲಿಯವರೆಗೆ ಬಹುಮಟ್ಟಿಗೆ ಅಚ್ಚಾದ ಕಾಗದದಂತೆ ನಿಶ್ಚಲವಾಗಿದ್ದ ಜಾಲಪುಟಕ್ಕೆ ಇದರಿಂದ ಚಲನೆಯೂ ಕರ್ತೃತ್ವವೂ ಬಂದವು. ಪುಟವು ಲೆಕ್ಕ ಮಾಡಬಲ್ಲುದು, ಉತ್ತರ ಕೊಡಬಲ್ಲುದು. ಬೇಕಾದರೆ ಹೊಸದೊಂದು ಕಿಟಕಿಯನ್ನು ತಾನಾಗಿ ತೆರೆಯಬಲ್ಲುದು ಎಂದಾಯಿತು.

ಈ ಕೊನೆಯ ಸಾಮರ್ಥ್ಯವನ್ನು ಜಾಹೀರಾತಿಗೆ ಬಳಸಿದವರಲ್ಲಿ ಮೊದಲಿಗರು ಈಥನ್ ಜ಼ುಕರ್‌ಮನ್. ಅವರು ಆಗ ‘ಟ್ರೈಪಾಡ್’ ಎಂಬ ಸಂಸ್ಥೆಯಲ್ಲಿದ್ದರು. ಸಾಮಾನ್ಯ ಜನರು ತಮ್ಮ ಸ್ವಂತ ಪುಟಗಳನ್ನು ಉಚಿತವಾಗಿ ರಚಿಸಿಕೊಳ್ಳಲು ಆ ಸಂಸ್ಥೆ ಸ್ಥಳ ಕೊಡುತ್ತಿತ್ತು. ಅದಕ್ಕೆ ಪ್ರತಿಯಾಗಿ ಆ ಪುಟಗಳಲ್ಲಿ ಜಾಹೀರಾತುಗಳನ್ನು ಹಾಕುತ್ತಿತ್ತು. ಒಮ್ಮೆ ಒಂದು ದೊಡ್ಡ ಮೋಟಾರು ಕಂಪನಿಯ ಜಾಹೀರಾತು ಅಶ್ಲೀಲವಾದ ಒಂದು ಪುಟದಲ್ಲಿ ಕಾಣಿಸಿಕೊಂಡು ಆ ಕಂಪನಿಯವರು ಗಾಬರಿಗೊಂಡರು. ಜಾಹೀರಾತನ್ನು ಪುಟದಿಂದ ಬೇರ್ಪಡಿಸಿ ಪ್ರತ್ಯೇಕವಾದ ಕಿಟಕಿಯಲ್ಲಿ ತೋರಿಸಿದರೆ ಈ ತೊಡಕು ನಿವಾರಣೆಯಾಗುವುದೆಂದು ಜ಼ುಕರ್‌ಮನ್ ಅದಕ್ಕೆ ತಕ್ಕ ಆಜ್ಞೆಗಳನ್ನು ಬರೆದರು. ಉದ್ದೇಶ ಕೆಟ್ಟದ್ದಾಗಿರಲಿಲ್ಲ, ಪರಿಣಾಮವನ್ನು ಮಾತ್ರ ಜಗತ್ತೇ ಅನುಭವಿಸಿತು. ೨೦೧೪ರಲ್ಲಿ ‘ದಿ ಅಟ್ಲಾಂಟಿಕ್’ ಪತ್ರಿಕೆಯ ಲೇಖನವೊಂದರಲ್ಲಿ ಅವರು ಇದಕ್ಕಾಗಿ ಬಹಿರಂಗವಾಗಿ ಕ್ಷಮೆ ಕೋರಿದರು. ಅಂತರ್ಜಾಲವೆಲ್ಲ ಜಾಹೀರಾತನ್ನೇ ಜೀವನಾಧಾರವಾಗಿ ಮಾಡಿಕೊಂಡದ್ದೇ ಮೂಲದೋಷವೆಂಬುದು ಆ ಲೇಖನದ ತಾತ್ಪರ್ಯ.

ಉಪದ್ರವ ಹೆಚ್ಚಿದಂತೆ ಪ್ರತೀಕಾರವೂ ಹುಟ್ಟಿತು. ೨೦೦೦ದ ಸುಮಾರಿಗೆ ಒಪೆರಾ, ೨೦೦೨ರಲ್ಲಿ ಮೊಜ಼ಿಲ್ಲ, ೨೦೦೪ರಲ್ಲಿ ಮೈಕ್ರೊಸಾಫ್ಟ್ ಸಂಸ್ಥೆಯ ಇಂಟರ್‌ನೆಟ್ ಎಕ್ಸ್‌ಪ್ಲೋರರ್, ಹೀಗೆ ಒಂದೊಂದಾಗಿ ಬ್ರೌಸರುಗಳು ಪಾಪ್-ಅಪ್ ಕಿಟಕಿಗಳನ್ನು ತಡೆಯತೊಡಗಿದವು. ತಡೆಯುವ ಸೂತ್ರ ಬಹಳ ಸರಳವಾದದ್ದು: ಓದುಗನು ತಾನಾಗಿ ಒತ್ತಿದ್ದರಿಂದ ಕಿಟಕಿ ತೆರೆಯುವುದಾದರೆ ತೆರೆಯಲಿ, ಅವನು ಏನೂ ಮಾಡದಿರುವಾಗ ಪುಟವೇ ತೆರೆಯಲು ಹವಣಿಸಿದರೆ ತೆರೆಯಕೂಡದು. ಓದುಗನ ಇಚ್ಛೆಯಿಲ್ಲದೆ ಅವನ ಯಂತ್ರದಲ್ಲಿ ಏನೂ ನಡೆಯಬಾರದೆಂಬ ಉದಾತ್ತ ತತ್ತ್ವವು ಈ ಸಣ್ಣ ಸೂತ್ರದಲ್ಲಿ ಅಡಗಿದೆ.

ಆದರೆ ಜಾಹೀರಾತಿನವರು ಇನ್ನೊಂದು ಹಾದಿಯನ್ನು ಕಂಡುಕೊಂಡರು. ಪ್ರತ್ಯೇಕ ಕಿಟಕಿಯನ್ನು ತೆರೆಯುವ ಬದಲು ಪುಟದೊಳಗೇ ಒಂದು ಪದರವನ್ನು ಹರಡಿ, ಓದಬೇಕಾದ ಸಾಲುಗಳ ಮೇಲೆ ಚೀಟಿ ಅಂಟಿಸಿದಂತೆ ಜಾಹೀರಾತನ್ನು ನಿಲ್ಲಿಸತೊಡಗಿದರು. ಉಪಯುಕ್ತವಾದ ಸೂಚನೆಯನ್ನು ತೋರಿಸುವುದಕ್ಕೂ ಇದೇ ಪದರದ ಉಪಾಯ ಬಳಕೆಯಲ್ಲಿರುವುದರಿಂದ, ಯಾವುದು ಬೇಕಾದದ್ದು ಯಾವುದು ಬೇಡದ್ದು ಎಂದು ವಿಂಗಡಿಸುವುದು ಬ್ರೌಸರಿಗೆ ಕಷ್ಟವಾಯಿತು. ಇಂದು ನಮ್ಮನ್ನು ಕಾಡುವ ಪಾಪ್-ಅಪ್‌ಗಳಲ್ಲಿ ಬಹುಪಾಲು ಈ ಎರಡನೆಯ ಜಾತಿಯವು.

ಇಷ್ಟು ಹಟದಿಂದ ಇವು ಬದುಕಿರುವುದೇಕೆ? ಪುಟವೊಂದು ನಮ್ಮ ಪರದೆಯ ಮೇಲೆ ಮೂಡುವಷ್ಟರಲ್ಲಿ ತೆರೆಯ ಮರೆಯಲ್ಲಿ ಒಂದು ಹರಾಜು ನಡೆದುಹೋಗಿರುತ್ತದೆ. ಈ ಓದುಗ ಯಾವ ಊರಿನವನು, ಯಾವ ಬಗೆಯ ಫೋನು ಹಿಡಿದಿದ್ದಾನೆ, ಈ ಹಿಂದೆ ಏನೇನು ನೋಡಿದ್ದಾನೆ ಎಂಬ ವಿವರಗಳನ್ನು ಅನೇಕ ಕಂಪನಿಗಳ ಗಣಕಗಳಿಗೆ ಕಳಿಸಲಾಗುತ್ತದೆ. ಅವು ಬೆಲೆ ಕೂಗುತ್ತವೆ. ಹೆಚ್ಚು ಕೂಗಿದವರ ಜಾಹೀರಾತು ಸಾಮಾನ್ಯವಾಗಿ ಪರದೆಗೆ ಬರುತ್ತದೆ. ಇವೆಲ್ಲ ಮುಗಿಯುವುದು ಸುಮಾರು ೧೦೦ ಮಿಲಿಸೆಕೆಂಡುಗಳಲ್ಲಿ, ಎಂದರೆ ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ. ಬೆಳಕು ಶೂನ್ಯದಲ್ಲಿ ೩೦,೦೦೦ ಕಿಲೋಮೀಟರು ಕ್ರಮಿಸುವ ಅವಧಿಯಿದು. ಇಷ್ಟರಲ್ಲಿ ಮಾರಾಟವಾದದ್ದು ಯಾವ ಪದಾರ್ಥ? ನಮ್ಮ ಗಮನ. ಮಾಹಿತಿ ಹೆಚ್ಚಿದಷ್ಟೂ ಮನುಷ್ಯನಿಗೆ ಗಮನದ ಬಡತನ ಒದಗುವುದೆಂದು ಹರ್ಬರ್ಟ್ ಸೈಮನ್ ಎಂಬ ವಿದ್ವಾಂಸರು ೧೯೭೧ರಲ್ಲಿಯೇ ಹೇಳಿದ್ದರು. ವಿರಳವಾದ ವಸ್ತುವಿಗೆ ಬೆಲೆ ಬರುವುದು ಅರ್ಥಶಾಸ್ತ್ರದ ಸಹಜ ನಿಯಮವಷ್ಟೆ.

ಇಲ್ಲಿ ಭೌತಶಾಸ್ತ್ರದ ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ಅಂಶವಿದೆ. ವರ್ನಿಯರ್ ಕ್ಯಾಲಿಪರ್ಸ್ ಹಿಡಿದವರಿಗೆಲ್ಲ ಶೂನ್ಯದೋಷವೆಂದರೇನೆಂಬುದು ಗೊತ್ತು. ಉಪಕರಣದ ದವಡೆಗಳು ಕೂಡಿದ್ದಾಗಲೂ ಅದು ಸೊನ್ನೆಯನ್ನು ತೋರಿಸದಿದ್ದರೆ, ಆ ದೋಷವನ್ನು ಕಳೆದ ಹೊರತು ಅಳತೆ ಸರಿಯಾಗದು. ಜಾಹೀರಾತಿನ ಜಗತ್ತು ಓದುಗನ ಆಸಕ್ತಿಯನ್ನು ಅಳೆಯುತ್ತೇನೆಂದು ಹೇಳಿಕೊಂಡರೂ ವಾಸ್ತವವಾಗಿ ಅಳೆಯುವುದು ಬೆರಳಿನ ಒತ್ತನ್ನು. ಮನಸ್ಸು ಒಪ್ಪಿ ಒತ್ತಿದ್ದಕ್ಕೂ, ಗುಣಾಕಾರ ಚಿಹ್ನೆಯನ್ನು ಹುಡುಕುತ್ತ ಬೆರಳು ಜಾರಿದ್ದಕ್ಕೂ, ಸಾಲುಗಳು ಹಠಾತ್ತಾಗಿ ಕೆಳಗೆ ಸರಿದು ಬೆರಳಿನ ಅಡಿಗೆ ಜಾಹೀರಾತು ಬಂದದ್ದಕ್ಕೂ ಈ ಮಾಪನದಲ್ಲಿ ಭೇದ ಕಡಮೆ. ತಪ್ಪು ಒತ್ತುಗಳನ್ನು ಸೋಸುವ ಪ್ರಯತ್ನವನ್ನು ಕೆಲವು ಕಂಪನಿಗಳು ಮಾಡುವುದುಂಟು. ಆದರೆ ಪ್ರಯೋಗಶಾಲೆಯಲ್ಲಿ ಶೂನ್ಯದೋಷದಿಂದ ಯಾರಿಗೂ ಲಾಭವಿಲ್ಲ, ಇಲ್ಲಿ ಲಾಭವಿದೆ. ಲಾಭ ತರುವ ದೋಷವನ್ನು ತಿದ್ದುವ ಆತುರ ಯಾರಿಗಿದ್ದೀತು? ಎಲ್ಲಿಯವರೆಗೆ ನಮ್ಮ ಎಡವನ್ನು ನಮ್ಮ ಸಮ್ಮತಿಯೆಂದು ಲೆಕ್ಕ ಹಾಕಲಾಗುವುದೋ ಅಲ್ಲಿಯವರೆಗೆ ನಮ್ಮನ್ನು ಎಡವಿಸುವ ಪುಟಗಳೂ ಇರುತ್ತವೆ. ಪಾಪ್-ಅಪ್ ಸಮಸ್ಯೆಯ ತಿರುಳೇ ಇದು.

ಇದು ಕೇವಲ ಕಿರಿಕಿರಿಯ ಮಾತಾಗಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. ಅಪಾಯವೂ ಉಂಟು. ಜಾಹೀರಾತು ಬರುವುದು ಜಾಲತಾಣದ ಒಡೆಯನ ಕೈಯಿಂದಲ್ಲ, ಮೂರನೆಯವರ ಮೂಲಕ. ೨೦೧೬ರ ಮಾರ್ಚಿಯಲ್ಲಿ ನ್ಯೂಯಾರ್ಕ್ ಟೈಮ್ಸ್, ಬಿಬಿಸಿ ಮೊದಲಾದ ಪ್ರತಿಷ್ಠಿತ ತಾಣಗಳಲ್ಲಿಯೇ ಜಾಹೀರಾತು ಜಾಲಗಳ ಮೂಲಕ ದುಷ್ಟ ತಂತ್ರಾಂಶಗಳು ನುಸುಳಿದ್ದವು. ‘ನಿಮ್ಮ ಫೋನಿಗೆ ವೈರಸ್ ತಗುಲಿದೆ, ಈ ಸಂಖ್ಯೆಗೆ ಕರೆ ಮಾಡಿ’ ಎಂದು ಬೆದರಿಸುವ ಕಿಟಕಿಗಳು ಈಗಲೂ ಸಾಮಾನ್ಯವಾಗಿವೆ. ಪ್ರಸಿದ್ಧ ಸಂಸ್ಥೆಗಳ ಹೆಸರಿನಲ್ಲಿ ವಂಚಕರು ಶೋಧಕತಾಣಗಳಲ್ಲಿ ಜಾಹೀರಾತು ಕೊಡುತ್ತಿರುವುದನ್ನು ಕಂಡು ಅಮೆರಿಕದ ತನಿಖಾ ಸಂಸ್ಥೆಯಾದ ಎಫ್‌ಬಿಐ ೨೦೨೨ರ ಡಿಸೆಂಬರಿನಲ್ಲಿ, ಜಾಹೀರಾತು ತಡೆಯುವ ತಂತ್ರಾಂಶವನ್ನು ಬಳಸುವಂತೆ ಸಾರ್ವಜನಿಕರಿಗೆ ಸಲಹೆಯಿತ್ತಿತು.

ಹಾಗಾದರೆ ಮಾಡಬೇಕಾದದ್ದೇನು? ಜಾಲದ ತಾಂತ್ರಿಕ ನಿಯಮಾವಳಿಗಳಲ್ಲಿ ಬ್ರೌಸರಿಗೆ ‘ಯೂಸರ್ ಏಜೆಂಟ್’ ಎಂಬ ಹೆಸರಿದೆ. ಬಳಕೆದಾರನ ಪ್ರತಿನಿಧಿ ಎಂದು ಇದರರ್ಥ. ವಕೀಲನು ಕಕ್ಷಿಗಾರನ ಪರವಾಗಿ ಮಾತನಾಡುವಂತೆ ಬ್ರೌಸರು ನಮ್ಮ ಪರವಾಗಿ ಜಾಲದೊಡನೆ ವ್ಯವಹರಿಸಬೇಕಾದದ್ದು ಧರ್ಮ. ಆದುದರಿಂದ ನಮ್ಮ ಪ್ರತಿನಿಧಿ ಯಾರ ಊಳಿಗದಲ್ಲಿದ್ದಾನೆ ಎಂದು ವಿಚಾರಿಸುವುದು ನಮ್ಮ ಮೊದಲ ಕರ್ತವ್ಯ. ಬಹುಜನರು ಬಳಸುವ ಕ್ರೋಮ್ ಬ್ರೌಸರು ಗೂಗಲ್ ಸಂಸ್ಥೆಯದು. ಆ ಸಂಸ್ಥೆಯ ಆದಾಯದ ಬಹುಭಾಗ ಜಾಹೀರಾತಿನಿಂದ ಬರುವಂಥದು. ೨೦೧೮ರ ಫೆಬ್ರವರಿಯಿಂದ ಕ್ರೋಮ್ ಅತಿ ಉಪದ್ರವಕಾರಿಯಾದ ತಾಣಗಳ ಜಾಹೀರಾತುಗಳನ್ನು ತಡೆಯುತ್ತಿದೆ, ಇದು ಶ್ಲಾಘನೀಯ. ಆದರೆ ವಿಸ್ತರಣಾ ತಂತ್ರಾಂಶಗಳ ನಿಯಮವನ್ನು ಬದಲಾಯಿಸಿ, ೨೦೨೪ರಿಂದ ೨೦೨೫ರ ವೇಳೆಗೆ, ‘ಯುಬ್ಲಾಕ್ ಒರಿಜಿನ್’ ಎಂಬ ಸಮರ್ಥವಾದ ತಡೆ ತನ್ನಲ್ಲಿ ಕೆಲಸ ಮಾಡದಂತೆ ಮಾಡಿದ್ದೂ ಅದೇ ಕ್ರೋಮ್. ಭದ್ರತೆಗಾಗಿ ಮಾಡಿದ ಬದಲಾವಣೆಯೆಂದು ಗೂಗಲ್ ಸಂಸ್ಥೆಯ ಸಮಾಧಾನ. ಕಾರಣವೇನೇ ಇರಲಿ, ಇಬ್ಬರು ಯಜಮಾನರಿರುವ ಪ್ರತಿನಿಧಿಯ ವಿಷಯದಲ್ಲಿ ಎಚ್ಚರವಿರುವುದು ಲೇಸು.

ಫೈರ್‌ಫಾಕ್ಸ್ ಬ್ರೌಸರಿನಲ್ಲಿ ಈ ತಡೆಯನ್ನು ಗಣಕದಲ್ಲಿಯೂ ಆಂಡ್ರಾಯ್ಡ್ ಫೋನಿನಲ್ಲಿಯೂ ಉಚಿತವಾಗಿ ಅಳವಡಿಸಬಹುದು. ಅನೇಕ ಬ್ರೌಸರುಗಳಲ್ಲಿರುವ ‘ರೀಡರ್’ ಎಂಬ ಏರ್ಪಾಡನ್ನು ಬಳಸಿದರೆ ಅಲಂಕಾರಗಳೆಲ್ಲ ಉದುರಿ ಲೇಖನವಷ್ಟೇ ಉಳಿಯುತ್ತದೆ. ‘ಸೂಚನೆಗಳನ್ನು ಕಳಿಸಲೆ?’ ಎಂದು ಯಾವುದಾದರೂ ತಾಣ ಕೇಳಿದಾಗ, ಅಗತ್ಯವಿದ್ದ ಹೊರತು ಬೇಡವೆನ್ನಬೇಕು. ಒಮ್ಮೆ ಒಪ್ಪಿದರೆ ಆ ತಾಣವನ್ನು ಮುಚ್ಚಿದ ಮೇಲೂ ಜಾಹೀರಾತು ಬರುತ್ತಲೇ ಇರುವುದು. ಈಗಾಗಲೇ ಒಪ್ಪಿದ್ದರೆ ಬ್ರೌಸರಿನ ಸೆಟ್ಟಿಂಗ್ಸ್ ವಿಭಾಗಕ್ಕೆ ಹೋಗಿ ಆ ಅನುಮತಿಯನ್ನು ಹಿಂದಕ್ಕೆ ಪಡೆಯಬಹುದು. ಬೆದರಿಸುವ ಕಿಟಕಿಯೊಳಗೆ ಎಲ್ಲಿಯೂ ಒತ್ತದೆ ಆ ಪುಟವನ್ನೇ ಮುಚ್ಚುವುದು ಜಾಣತನ. ಹಣ ಕಳೆದುಕೊಂಡ ಪಕ್ಷದಲ್ಲಿ ತಡಮಾಡದೆ ೧೯೩೦ ಎಂಬ ರಾಷ್ಟ್ರೀಯ ಸಹಾಯವಾಣಿಗೆ ತಿಳಿಸಬೇಕು.

‘ಜಾಹೀರಾತೇ ಇಲ್ಲದಿದ್ದರೆ ಬರೆಯುವವರು ಬದುಕುವುದು ಹೇಗೆ?’ ಎಂಬ ಆಕ್ಷೇಪಣೆ ಇಲ್ಲಿ ಏಳುವುದು ಸಹಜ. ಇದು ತಳ್ಳಿಹಾಕುವ ಮಾತಲ್ಲ. ಕನ್ನಡದಲ್ಲಿ ಒಳ್ಳೆಯ ಬರಹಗಳನ್ನು ಉಚಿತವಾಗಿ ಕೊಡುವ ಸಣ್ಣ ತಾಣಗಳಿಗೆ ಜಾಹೀರಾತಿನ ಅಲ್ಪ ಆದಾಯವೂ ಆಸರೆಯೇ. ನನ್ನ ಅಭಿಪ್ರಾಯದಲ್ಲಿ ಓದುಗನಿಗೆ ತಡೆಯುವ ಹಕ್ಕೂ ಉಂಟು, ಅದಕ್ಕೆ ಅಂಟಿಕೊಂಡ ಹೊಣೆಯೂ ಉಂಟು. ಸಭ್ಯವಾಗಿ ಪಕ್ಕದಲ್ಲಿ ನಿಂತ ಜಾಹೀರಾತಿಗೂ ಎದೆಯ ಮೇಲೆ ಬಂದು ಕೂರುವ ಜಾಹೀರಾತಿಗೂ ಒಂದೇ ಶಿಕ್ಷೆ ವಿಧಿಸುವುದು ನ್ಯಾಯವಲ್ಲ. ತಡೆಯುವ ತಂತ್ರಾಂಶಗಳಲ್ಲಿ, ನಾವು ಮೆಚ್ಚಿದ ತಾಣಕ್ಕೆ ವಿನಾಯಿತಿ ಕೊಡುವ ಸೌಲಭ್ಯವಿದೆ. ಮರ್ಯಾದೆಯಿಂದ ನಡೆದುಕೊಳ್ಳುವ ತಾಣಗಳಿಗೆ ಅದನ್ನು ಕೊಡೋಣ. ಪ್ರತಿದಿನ ಓದುವ ಪತ್ರಿಕೆಗೆ ಸಾಧ್ಯವಾದರೆ ಚಂದಾ ಕೊಡೋಣ. ಉಪದ್ರವ ಕೊಡುವವರಿಗೆ ನಷ್ಟ, ಸಭ್ಯರಿಗೆ ಲಾಭ ಎಂದಾದಾಗ ಮಾತ್ರ ವ್ಯವಸ್ಥೆ ಸುಧಾರಿಸೀತು.

ಕಾನೂನೂ ನಿಧಾನವಾಗಿ ಈ ಕಡೆಗೆ ಕಣ್ಣು ತೆರೆದಿದೆ. ನಮ್ಮ ದೇಶದ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು ೨೦೨೩ರ ನವೆಂಬರ್ ೩೦ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಗ್ರಾಹಕರನ್ನು ದಾರಿ ತಪ್ಪಿಸುವ ೧೩ ಬಗೆಯ ವಿನ್ಯಾಸಗಳನ್ನು ಹೆಸರಿಸಿ ನಿಷೇಧಿಸಿದೆ. ಸುದ್ದಿಯ ವೇಷ ತೊಟ್ಟ ಜಾಹೀರಾತು, ಬೇಡವೆಂದರೂ ಮತ್ತೆ ಮತ್ತೆ ಪೀಡಿಸುವುದು, ಬೇಡವೆಂದವನನ್ನು ನಾಚಿಸುವ ಮಾತು, ವೈರಸ್ಸಿನ ಸುಳ್ಳು ಬೆದರಿಕೆ ಇವೆಲ್ಲ ಆ ಪಟ್ಟಿಯಲ್ಲಿವೆ. ಇಂತಹದನ್ನು ಕಂಡವರು ೧೯೧೫ ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಬಹುದು. ದೂರುವವರಿಲ್ಲದಿದ್ದರೆ ಎಂತಹ ನಿಯಮವೂ ಕಾಗದದ ಮೇಲೆಯೇ ಉಳಿಯುವುದು.

ಕೊನೆಯದಾಗಿ ವಿದ್ಯಾರ್ಥಿ ಮಿತ್ರರಿಗೆ ಒಂದು ಮಾತು. ನೀವು ಇಂದು ಓದುಗರು. ನಿಮ್ಮಲ್ಲಿ ಎಷ್ಟೋ ಮಂದಿ ನಾಳೆ ಬೆಂಗಳೂರಿನಲ್ಲಿಯೋ ಬೇರೆಡೆಯಲ್ಲಿಯೋ ತಂತ್ರಾಂಶಗಳನ್ನು ಬರೆಯುವವರು. ಜ಼ುಕರ್‌ಮನ್ ಆ ಮೊದಲ ಕಿಟಕಿಯನ್ನು ತೆರೆದಾಗ ಅವರ ವಯಸ್ಸು ಇಪ್ಪತ್ತೈದರ ಆಸುಪಾಸು. ಗುಣಾಕಾರ ಚಿಹ್ನೆಯನ್ನು ಇನ್ನಷ್ಟು ಚಿಕ್ಕದಾಗಿಸಿ ಎಂದು ಯಾರಾದರೂ ನಿಮಗೂ ಒಂದು ದಿನ ಹೇಳಿಯಾರು. ಆಗ ಆ ಪರದೆಯ ಇನ್ನೊಂದು ಬದಿಯಲ್ಲಿ, ದಿನಕ್ಕಿಷ್ಟೆಂದು ಅಳೆದ ಡೇಟಾದಲ್ಲಿ ಪಾಠ ಓದಲು ಕುಳಿತ ಹಳ್ಳಿಯ ಹುಡುಗಿಯೊಬ್ಬಳಿರುವಳೆಂಬುದನ್ನು ನೆನೆಯಿರಿ. ಅವಳ ಬೆರಳು ಜಾರುವುದರಿಂದ ಬರುವ ಹಣ ತಮಗೆ ಬೇಡವೆಂದು ಹೇಳುವ ಧೈರ್ಯ ನಾಲ್ಕು ಜನರಲ್ಲಿ ಮೂಡಿದರೂ ಯಾವ ತಡೆ ತಂತ್ರಾಂಶವೂ ಮಾಡಲಾರದ ಕೆಲಸವಾದೀತು.