ದಂಡ ಕಟ್ಟಿದರೆ ಮುಗೀತಾ?

ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದವರು ಕೋರ್ಟಿಗೆ ಹೋಗಿ ದಂಡ ಕಟ್ಟಿ ಬಂದರೆ ಕಥೆ ಮುಗೀತು ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ. ಮುಗಿಯಲ್ಲ. ದಂಡದ ದಾರಿ ಬೇರೆ, ಡಿಎಲ್ ದಾರಿ ಬೇರೆ. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ ಮೊದಲ ಸಲಕ್ಕೆ 10,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡೂ. ಅದು ಕೋರ್ಟಿನ ಕೆಲಸ. ಇತ್ತ ಪೊಲೀಸರು ತೆಗೆದುಕೊಂಡ ಡಿಎಲ್ ಆರ್‌ಟಿಓ ಕಚೇರಿಗೆ ಹೋಗುತ್ತೆ. ಅಲ್ಲಿಂದ ಇನ್ನೊಂದು ನೋಟಿಸ್ ಬರುತ್ತೆ.

ನಮ್ಮ ಕೆಳಮನೆಯ ಅಣ್ಣ ಕ್ಯಾಬ್ ಓಡಿಸ್ತಾರೆ. ನೆಂಟರ ಮನೆಯ ಊಟ ಮುಗಿಸಿ ಬೈಕಲ್ಲಿ ಬರುವಾಗ ತಪಾಸಣೆಗೆ ಸಿಕ್ಕರು. ಮಷಿನ್ ತೋರಿಸಿದ್ದು 84. ಕಾಯ್ದೆಯ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ. ನೋಟಿಸ್ ಬಂದಾಗ, ಕಂಪ್ಯೂಟರ್ ಕೆಲಸದವನಿಗೆ ಎಲ್ಲಾ ಗೊತ್ತಿರುತ್ತೆ ಅಂತ ನನ್ನ ಹತ್ರ ತಂದರು. "ಮಷಿನ್ನೇ ಸರಿ ಇರಲಿಲ್ಲ ಅಂತ ಬರೆದುಬಿಡೋಣ" ಅಂದರು. ಬಾಗಿಲಲ್ಲಿ ನಿಂತಿದ್ದ ಅಕ್ಕ ತಡೆದರು. "ಕುಡಿದಿರಲಿಲ್ಲ ಅಂತ ಮಾತ್ರ ಬರೀಬೇಡಪ್ಪ. ಕಾರಿನ ಸಾಲದ ಕಂತು ಇದೆ, ಅದನ್ನ ಬರಿ."

ಹಾಗಾದ್ರೆ ಬರೆಯೋಕೆ ಏನು ಉಳೀತು? ಕಾಯ್ದೆ ತೆಗೆದು ಓದಿದೆ. 19ನೇ ಸೆಕ್ಷನ್ ಹೇಳೋದು ಇಷ್ಟು: ಅಧಿಕಾರಿ ನಮ್ಮ ಮಾತು ಕೇಳಲೇಬೇಕು. ಆಮೇಲೆ ಬಿಟ್ಟುಬಿಡಬಹುದು, ಇಲ್ಲಾ ಮೊದಲ ತಪ್ಪಿಗೆ 3 ತಿಂಗಳು ಅನರ್ಹ ಮಾಡಬಹುದು. ಕಾರಣಗಳನ್ನು ವಿವರವಾಗಿ ಬರೆಯಬೇಕು. ಅನರ್ಹತೆ ಡಿಎಲ್‌ನಲ್ಲಿರುವ ಎಲ್ಲ ವರ್ಗದ ವಾಹನಕ್ಕೂ ಆಗಬಹುದು, ಯಾವುದಾದರೂ ಒಂದು ವರ್ಗಕ್ಕೂ ಆಗಬಹುದು. ನನ್ನ ಕಣ್ಣು ನಿಂತಿದ್ದು ಅಲ್ಲಿ. ಅಣ್ಣ ಸಿಕ್ಕಿದ್ದು ಬೈಕಲ್ಲಿ, ಅನ್ನ ತಿನ್ನೋದು ಕಾರಿಂದ. ಕುಡಿದಿದ್ದು ನಿಜ, ಇದು ಮೊದಲ ಸಲ, ಬೈಕಿನ ವರ್ಗಕ್ಕೆ ಮಾತ್ರ ಅನರ್ಹ ಮಾಡಿ ಅಂತ ಉತ್ತರ ಬರೆದೆವು.

ವಿಚಾರಣೆ ಹತ್ತು ನಿಮಿಷವೂ ನಡೀಲಿಲ್ಲ. ಎಲ್ಲ ವರ್ಗಕ್ಕೂ 3 ತಿಂಗಳು ಅಂತ ಆದೇಶ ಬಂತು. ಕಾರಣ ಒಂದೇ ಸಾಲು. ನಾವು ಕೇಳಿದ್ದನ್ನ ಯಾಕೆ ಒಪ್ಪಲಿಲ್ಲ ಅಂತ ಅದರಲ್ಲಿಲ್ಲ. ಆದೇಶ ಕೈಗೆ ಬಂದ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಅದೇ ಅಂಶ ಹಿಡಿದು ವಕೀಲರ ಮೂಲಕ ಹಾಕಿದ್ದೀವಿ. ಅದು ಇತ್ಯರ್ಥ ಆಗೋಷ್ಟರಲ್ಲಿ 3 ತಿಂಗಳೇ ಮುಗಿದರೂ ಆಶ್ಚರ್ಯವಿಲ್ಲ. ಅಲ್ಲಿವರೆಗೆ ಕಾರಿಗೆ ಕವರ್ ಹೊದಿಸಿದೆ. ಅಕ್ಕ ಚಪಾತಿ ಮಾಡಿ ಪಕ್ಕದ ಹೋಟೆಲಿಗೆ ಕೊಡ್ತಿದ್ದಾರೆ.

ಯಾರ ಮನೆಗಾದರೂ ಇಂಥ ನೋಟಿಸ್ ಬಂದರೆ ಇಷ್ಟು ನೆನಪಿರಲಿ. ಡಿಎಲ್ ತಗೊಂಡಾಗ ಪೊಲೀಸರು ಕೊಡುವ ತಾತ್ಕಾಲಿಕ ರಸೀದಿ ಗಾಡಿ ಓಡಿಸೋಕೆ ಅನುಮತಿ ಅಲ್ಲ. ಅನರ್ಹರಾಗಿದ್ದಾಗ ಓಡಿಸಿದರೆ 3 ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಅಥವಾ ಎರಡೂ. ಮಷಿನ್ ರೀಡಿಂಗ್ ನಿಜಕ್ಕೂ ತಪ್ಪು ಅನ್ನಿಸಿದರೆ ಅಲ್ಲೇ, ಆಗಲೇ ರಕ್ತಪರೀಕ್ಷೆ ಕೇಳಿ. ಗಂಟೆ ಕಳೆದ ಹಾಗೆ ರಕ್ತದಲ್ಲಿನ ಆಲ್ಕೋಹಾಲ್ ಇಳಿಯೋದ್ರಿಂದ ಮಾರನೇ ದಿನದ ರಿಪೋರ್ಟು ಏನನ್ನೂ ಸಾಬೀತು ಮಾಡಲ್ಲ. ಪ್ರಿಂಟಾದ ಚೀಟಿಯನ್ನ ಜೋಪಾನ ಮಾಡಿ, ಅದರ ಮೇಲಿನ ಸಮಯ ನೋಡಿ. ನೋಟಿಸಿಗೆ ಉತ್ತರ ಕೊಡದೆ ಮಾತ್ರ ಕೂರಬೇಡಿ.

ಕುಡಿದು ಓಡಿಸಿದವರ ಪರ ಯಾಕೆ ಬರೀತೀರಾ ಅಂತ ಕೆಲವರು ಕೇಳಬಹುದು. ಆ ರಾತ್ರಿ ಬೈಕಿಗೆ ಯಾರದೋ ಮಗು ಅಡ್ಡ ಬಂದಿದ್ದರೆ ಈ ಬರಹವೇ ಇರ್ತಿರಲಿಲ್ಲ, ಒಪ್ಪುತ್ತೀನಿ. ಶಿಕ್ಷೆ ಬೇಡ ಅಂತ ಅಣ್ಣನೂ ಕೇಳಿಲ್ಲ. ತಪ್ಪು ಒಪ್ಪಿಕೊಂಡವನ ಮಾತಿಗೂ ಕಾನೂನಿನಲ್ಲಿ ಜಾಗ ಇದೆ, ಆ ಜಾಗದಲ್ಲಿ ನಿಂತು ಕೇಳಿದ್ದಾರೆ ಅಷ್ಟೆ.