ಕಂಡವರ ಲೆಕ್ಕ ಯಾರ ಬಳಿ?

ಕೊಪ್ಪಳ ಜಿಲ್ಲೆಯ ಮರಕುಂಬಿ ಪ್ರಕರಣದ ತೀರ್ಪು ಬಂದಾಗಿನಿಂದ ಒಂದೇ ರಾಗ: ‘98 ಮಂದಿಗೆ ಜೀವಾವಧಿ ಅಂದ್ರ ಅತಿಯಾತು, ಅವರ ಹೊಲಮನಿ ನೋಡೋರ‍್ಯಾರು?’ ಗುಡಿಸಲಿಗೆ ಬೆಂಕಿ ಬಿದ್ದದ್ದನ್ನು ಕಣ್ಣಾರೆ ಕಂಡ ಮಕ್ಕಳ ಗತಿ ಏನಾಯಿತೆಂದು ಕೇಳುವವರಿಲ್ಲ.

2014ರ ಆಗಸ್ಟ್ 28. ಗಂಗಾವತಿಯ ಸಿನಿಮಾ ಟಾಕೀಸಿನ ಜಗಳ ನೆಪವಾಗಿ ಮರಕುಂಬಿಯ ದಲಿತ ಕೇರಿಯ ಮೇಲೆ ಗುಂಪು ಎರಗಿ ಗುಡಿಸಲುಗಳಿಗೆ ಬೆಂಕಿಯಿಟ್ಟಿತು. ಕ್ಷೌರದಂಗಡಿಗೆ, ಹೋಟೆಲಿಗೆ ನಮಗೇಕೆ ಪ್ರವೇಶವಿಲ್ಲ ಎಂದು ದಲಿತರು ಕೇಳಿದ್ದರ ಸಿಟ್ಟು ಮೊದಲೇ ಇತ್ತು. ಕೊಪ್ಪಳದ ನ್ಯಾಯಾಲಯ ಶಿಕ್ಷೆ ವಿಧಿಸಿದ್ದು 2024ರ ಅಕ್ಟೋಬರ್ 24ರಂದು. ಬೆಂಕಿ ಕಂಡಾಗ ಎಂಟು ವರ್ಷವಿದ್ದ ಮಗು ಅಷ್ಟರಲ್ಲಿ ಮತದಾರ. 117 ಆರೋಪಿಗಳಲ್ಲಿ 16 ಮಂದಿ ವಿಚಾರಣೆ ಮುಗಿಯುವ ಮುನ್ನವೇ ತೀರಿಕೊಂಡಿದ್ದರು.

ಇಂಥ ಕೇಸುಗಳಲ್ಲಿ ಸಾಕ್ಷಿ ಅಷ್ಟು ವರ್ಷ ಎಲ್ಲಿರುತ್ತಾನೆ? ಅದೇ ಊರಲ್ಲಿ. ಅದೇ ನಳ, ಅದೇ ಕಿರಾಣಿ ಅಂಗಡಿ, ಭತ್ತ ನಾಟಿಯ ಕೂಲಿಗೆ ಅದೇ ಗದ್ದೆ. ಸಮನ್ಸ್ ಬಂದ ದಿನ ಕೂಲಿ ಬಿಟ್ಟು ಕೊಪ್ಪಳದ ಬಸ್ ಹತ್ತಬೇಕು. ಮಧ್ಯಾಹ್ನದವರೆಗೆ ಕಾದರೆ ‘ಮುಂದಿನ ತಾರೀಖು’. ಕಟಕಟೆ ಏರಿದರೆ ಪಾಟಿ ಸವಾಲು: ಕಲ್ಲು ಬಲಗೈಯಲ್ಲಿತ್ತೋ ಎಡಗೈಯಲ್ಲೋ? ಹೊರಬಂದರೆ ಊರಿನ ಹಿರಿಯ ಹೆಗಲ ಮೇಲೆ ಕೈಯಿಟ್ಟು, ‘ರಾಜಿ ಮಾಡ್ಕೊ ತಮ್ಮಾ, ನಾಳೆ ಒಂದ ಊರಾಗ ಬಾಳ್ವೆ ಮಾಡೋರು’ ಅನ್ನುತ್ತಾನೆ. ಸಾಕ್ಷಿಗಳು ತಿರುಗಿ ಬೀಳುವುದು ಹೀಗೆ. ಇಷ್ಟರ ನಡುವೆಯೂ ಮರಕುಂಬಿಯಲ್ಲಿ ಸಾಕ್ಷ್ಯ ನಿಂತಿತಲ್ಲ, ಅದೇ ದೊಡ್ಡದು.

ಕಣ್ಣಾರೆ ಕಂಡವರನ್ನೇ ಅನುಮಾನಿಸುವುದು ನಮ್ಮಲ್ಲಷ್ಟೇ ಅಲ್ಲ. 1970ರ ಮೇ 4ರಂದು ಅಮೆರಿಕದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಯುದ್ಧ ವಿರೋಧಿ ಪ್ರತಿಭಟನೆಯ ಮೇಲೆ ನ್ಯಾಷನಲ್ ಗಾರ್ಡ್ ಗುಂಡು ಹಾರಿಸಿ ನಾಲ್ವರು ವಿದ್ಯಾರ್ಥಿಗಳನ್ನು ಕೊಂದಿತು. ಹೆಣದ ಪಕ್ಕ ಮಂಡಿಯೂರಿ ಚೀರುತ್ತಿದ್ದ 14ರ ಹುಡುಗಿಯ ಫೋಟೊವನ್ನು ಜಗತ್ತೇ ನೋಡಿತು. ಫ್ಲೋರಿಡಾದ ಗವರ್ನರ್ ಅದರಲ್ಲಿ ಕಂಡದ್ದು ಕಮ್ಯುನಿಸ್ಟರ ಸಂಚು! ನಮ್ಮಲ್ಲಿ ‘ಯಾರೋ ಹೇಳಿಕೊಟ್ಟಾರ’ ಎನ್ನುತ್ತಾರೆ, ಅಷ್ಟೇ ವ್ಯತ್ಯಾಸ.

ಕಾನೂನಿಗೇನೂ ಬರವಿಲ್ಲ. ದೌರ್ಜನ್ಯ ತಡೆ ಕಾಯ್ದೆಗೆ 2016ರಲ್ಲಿ ಜಾರಿಗೆ ಬಂದ ತಿದ್ದುಪಡಿ, ಸಾಧ್ಯವಾದ ಮಟ್ಟಿಗೆ ದೋಷಾರೋಪ ಪಟ್ಟಿ ಸಲ್ಲಿಸಿದ ಎರಡು ತಿಂಗಳಲ್ಲಿ ವಿಚಾರಣೆ ಮುಗಿಸಿ ಎನ್ನುತ್ತದೆ. ಸಾಕ್ಷಿಯ ಪ್ರಯಾಣ ಖರ್ಚು, ಪುನರ್ವಸತಿ, ಬೇರೆಡೆ ನೆಲೆ ಎಲ್ಲದರ ಹೊಣೆಯನ್ನೂ 15ಎ ಕಲಮು ಸರ್ಕಾರಕ್ಕೆ ಹೊರಿಸಿದೆ. 2018ರಲ್ಲಿ ಸುಪ್ರೀಂ ಕೋರ್ಟ್ ಸಾಕ್ಷಿ ರಕ್ಷಣಾ ಯೋಜನೆಗೆ ಮುದ್ರೆ ಒತ್ತಿತು.

ಮರಕುಂಬಿ ತೀರ್ಪಿನ ಮರುತಿಂಗಳೇ ಹೈಕೋರ್ಟಿನ ಧಾರವಾಡ ಪೀಠ ಶಿಕ್ಷೆಗೊಳಗಾದ ಬಹುತೇಕರಿಗೆ ಜಾಮೀನು ಕೊಟ್ಟಿತು. ಕೊಡಲಿ, ಮೇಲ್ಮನವಿ ಅವರ ಹಕ್ಕು. ಆದರೆ ಅವರ ವಿರುದ್ಧ ಸಾಕ್ಷಿ ನುಡಿದವರಲ್ಲಿ ಯಾರ ಮನೆಗೆ ಕಾವಲು ಹಾಕಲಾಗಿದೆ, ಯಾರಿಗೆ ಬೇರೆಡೆ ನೆಲೆ, ದುಡಿಮೆ ಕೊಡಲಾಗಿದೆ? ಕುಷ್ಟಗಿಯಲ್ಲೋ ಯಲಬುರ್ಗಾದಲ್ಲೋ ಇಂಥ ಇನ್ನೊಂದು ಕೇಸು ದಾಖಲಾಗುವ ಮುನ್ನ ಕೊಪ್ಪಳ ಜಿಲ್ಲಾಡಳಿತ ಈ ಲೆಕ್ಕವನ್ನು ಬಹಿರಂಗಪಡಿಸಲಿ.