ಮಳೆಯಲ್ಲಿ ನಿಂತ ವಿಮಾನ

ಚಿಕ್ಕಬಾಣಾವರದ ಗೃಹಿಣಿಯೊಬ್ಬರು ಕಳೆದ ತಿಂಗಳು ನಮಗೊಂದು ಪ್ರಶ್ನೆಯನ್ನು ಕಳುಹಿಸಿರುವರು. ಅವರ ಮಗನು ಸಣ್ಣ ವಿಮಾನವನ್ನು ನಡೆಸಲು ಕಲಿಯುತ್ತಿರುವನು. ಜೋರು ಮಳೆ ಸುರಿದ ಮರುದಿನ ಅವನು ಒದ್ದೆ ಬಟ್ಟೆಯಲ್ಲಿ ಮನೆಗೆ ಬಂದನಂತೆ. ಕಾರಣವನ್ನು ಕೇಳಲಾಗಿ, ವಿಮಾನವು ರಾತ್ರಿಯೆಲ್ಲ ಬಯಲಿನಲ್ಲಿ ನಿಂತು ಆಸನವು ನೆನೆದಿತ್ತೆಂದು ನಕ್ಕುಬಿಟ್ಟನಂತೆ. “ಬಟ್ಟೆಯನ್ನು ಒಣಗಿಸಿಕೊಳ್ಳಬಹುದು, ಆದರೆ ಆ ನೀರು ಬೇರೆ ಎಲ್ಲೆಲ್ಲಿಗೆ ಹೋಗಿರಬಹುದು?” ಎಂದು ತಾಯಿಯು ಕೇಳಿರುವರು. ಮಗನ ನಗೆಗಿಂತ ತಾಯಿಯ ಪ್ರಶ್ನೆಯೇ ಹೆಚ್ಚು ಯುಕ್ತವಾದುದು.

ವಿಮಾನವು ಬೆಂಗಳೂರಿಗೆ ಹೊಸದಲ್ಲ. 1940ರಲ್ಲಿ ಇಲ್ಲಿ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯು ಸ್ಥಾಪಿತವಾಯಿತು. ಅಲ್ಲಿ ನಿರ್ಮಿತವಾದ ‘ಪುಷ್ಪಕ’ವೆಂಬ ಇಬ್ಬರು ಕುಳಿತುಕೊಳ್ಳುವ ವಿಮಾನವು 1958ರಲ್ಲಿ ಮೊದಲು ಹಾರಿ, ಬಳಿಕ ದೇಶದ ಅನೇಕ ಕ್ಲಬ್ಬುಗಳಲ್ಲಿ ಶಿಕ್ಷಣಕ್ಕೆ ಒದಗಿತು. ಅದು ಬಟ್ಟೆಯ ಹೊದಿಕೆಯುಳ್ಳದ್ದು. ಈಗಿನ ಸಣ್ಣ ವಿಮಾನಗಳಲ್ಲಿ ಬಹಳಷ್ಟು ಅಲ್ಯೂಮಿನಿಯಮ್ ತಗಡಿನವು. ತಗಡೆಂದಮಾತ್ರಕ್ಕೆ ಅದು ನೀರಿನ ಕೊಡದಂತೆ ಸಂದಿಲ್ಲದ್ದೆಂದು ಭಾವಿಸಕೂಡದು. ಅನೇಕ ತುಂಡುಗಳನ್ನು ರಿವೆಟ್ಟುಗಳಿಂದ ಜೋಡಿಸಿ ಅದನ್ನು ಕಟ್ಟಿರುವರು. ವರ್ಷಕ್ಕೆ ಸುಮಾರು 970 ಮಿಲ್ಲಿಮೀಟರ್ ಮಳೆ ಬೀಳುವ ನಮ್ಮ ಊರಿನಲ್ಲಿ, ಗಾಳಿಯೊಡನೆ ಅಡ್ಡಲಾಗಿ ಬಡಿಯುವ ಸಂಜೆಯ ಮಳೆಗೆ ಇಂತಹ ಸಂದುಗಳೇ ದಾರಿ.

ಮುಂಭಾಗದ ಕಿಟಕಿಯ ಅಂಚು, ಬಾಗಿಲಿನ ರಬ್ಬರ್ ಪಟ್ಟಿ, ರೆಕ್ಕೆಯು ದೇಹವನ್ನು ಸೇರುವ ಸ್ಥಳ, ನೆತ್ತಿಯ ಮೇಲಣ ಆಂಟೆನಾದ ಬುಡ: ಇವು ನೀರು ನುಗ್ಗುವ ಮುಖ್ಯ ದ್ವಾರಗಳು. ಹೆಂಚಿನ ಮನೆಯಲ್ಲಿ ವಾಸಿಸಿದವರಿಗೆ ಒಂದು ಸಂಗತಿಯು ಚೆನ್ನಾಗಿ ತಿಳಿದಿರುವುದು. ಹನಿ ಬೀಳುವ ಜಾಗವೇ ಬೇರೆ, ಹೆಂಚು ಒಡೆದಿರುವ ಜಾಗವೇ ಬೇರೆ. ನೀರು ತೊಲೆಯ ಗುಂಟ ಹರಿದುಬಂದು ಎಲ್ಲಿಯೋ ತೊಟ್ಟಿಕ್ಕುವುದು. ವಿಮಾನದಲ್ಲಿಯೂ ಹಾಗೆಯೇ. ಆದಕಾರಣ ಒಬ್ಬನು ದೀಪವನ್ನು ಹಿಡಿದು ಒಳಗೆ ಕುಳಿತಿರಬೇಕು. ಮತ್ತೊಬ್ಬನು ಹೊರಗಿನಿಂದ ಮೆಲ್ಲಗೆ ನೀರು ಬಿಡುತ್ತ ಕೆಳಗಿನ ಸಂದಿನಿಂದ ಮೇಲಿನದಕ್ಕೆ ಒಂದೊಂದಾಗಿ ಏರಬೇಕು. ಮೇಲಿನಿಂದ ಆರಂಭಿಸಿದರೆ ಎಲ್ಲ ಸಂದುಗಳೂ ಒಮ್ಮೆಗೇ ನೆನೆದು ತಪ್ಪು ಯಾವುದರದೆಂಬುದು ತಿಳಿಯದು.

ದೋಷವು ಸಿಕ್ಕಿದ ಬಳಿಕ ಅಂಗಡಿಯಲ್ಲಿ ದೊರೆತ ಅಂಟನ್ನು ಮೆತ್ತುವುದು ಸಲ್ಲದು. ವಿನಿಗರಿನ ವಾಸನೆ ಬರುವ ಸಿಲಿಕೋನ್ ಅಂಟು ಒಣಗುವಾಗ ಆಮ್ಲವನ್ನು ಬಿಡುವುದು; ಆ ಆಮ್ಲವು ಅಲ್ಯೂಮಿನಿಯಮನ್ನು ತಿನ್ನುವುದು. ಕಿಟಕಿಯು ನಿಜವಾದ ಗಾಜಲ್ಲ, ಬಹುಮಟ್ಟಿಗೆ ಅಕ್ರಿಲಿಕ್. ಪೆಟ್ರೋಲಿನಿಂದಾಗಲಿ ಸ್ಪಿರಿಟ್ಟಿನಿಂದಾಗಲಿ ಒರಸಿದರೆ ಅದು ಸೂಕ್ಷ್ಮವಾಗಿ ಬಿರಿಯುವುದು. ಪರವಾನಗಿಯುಳ್ಳ ಇಂಜಿನಿಯರೇ ಈ ಕೆಲಸವನ್ನು ಮಾಡತಕ್ಕದ್ದು.

ಎಷ್ಟು ಮುಚ್ಚಿದರೂ ಸ್ವಲ್ಪ ನೀರು ಒಳಗೆ ಬಂದೇ ಬರುವುದು. ಇದನ್ನರಿತೇ ವಿಮಾನವನ್ನು ಕಟ್ಟುವವರು ದೇಹದ ಅಡಿಯಲ್ಲಿ ಸಣ್ಣ ರಂಧ್ರಗಳನ್ನು ಇಟ್ಟಿರುವರು. ಇವು ಮನೆಯ ಬಚ್ಚಲ ತೂಬಿನಂತೆ. ಧೂಳು ತುಂಬಿದರೆ ಅಥವಾ ಕಡಜವು ಮಣ್ಣಿನ ಗೂಡನ್ನು ಕಟ್ಟಿದರೆ ನೀರು ಒಳಗೇ ನಿಲ್ಲುವುದು. ಬಾಲದಲ್ಲಿ ಹತ್ತು ಲೀಟರು ನೀರು ನಿಂತರೆ ಹತ್ತು ಕಿಲೋಗ್ರಾಮಿನ ಭಾರ. ಅಷ್ಟು ಹಿಂದಕ್ಕೆ ಬಿದ್ದ ಭಾರದಿಂದ ವಿಮಾನದ ಸಮತೋಲವೇ ಕೆಡುವುದು. ಸೋರಿಕೆಯನ್ನು ತಡೆಯುವುದು ಎಷ್ಟು ಮುಖ್ಯವೋ, ಬಂದ ನೀರಿಗೆ ಹೊರದಾರಿಯನ್ನು ತೆರೆದಿಡುವುದೂ ಅಷ್ಟೇ ಮುಖ್ಯ.

ಇನ್ನು ಎಲ್ಲಕ್ಕಿಂತ ಗುರುತರವಾದ ವಿಷಯ. ಅನೇಕ ಸಣ್ಣ ವಿಮಾನಗಳಲ್ಲಿ ಪೆಟ್ರೋಲಿನ ತೊಟ್ಟಿಯು ರೆಕ್ಕೆಯೊಳಗಿದ್ದು, ಅದರ ಮುಚ್ಚಳವು ಮೇಲ್ಮುಖವಾಗಿರುವುದು. ಬಿಸಿಲಿಗೆ ಮುಚ್ಚಳದ ರಬ್ಬರ್ ಬಳೆಯು ಸೀಳಿದರೆ ಮಳೆಯ ನೀರು ತೊಟ್ಟಿಗೆ ಇಳಿಯುವುದು. ನೀರು ಪೆಟ್ರೋಲಿಗಿಂತ ಭಾರವಾದುದರಿಂದ ತಳದಲ್ಲಿ ನಿಂತು, ಇಂಜಿನಿಗೆ ಮೊದಲು ಅದೇ ಹೋಗಬಹುದು. ಆಗ ವಿಮಾನವು ನೆಲವನ್ನು ಬಿಟ್ಟ ಕೆಲವೇ ಕ್ಷಣಗಳಲ್ಲಿ ಇಂಜಿನು ನಿಲ್ಲುವ ಸಂಭವವುಂಟು. ಇದರ ಪರಿಹಾರವು ಸುಲಭ. ಹಾರುವ ಮೊದಲು ತೊಟ್ಟಿಯ ತಳದ ಕವಾಟದಿಂದ ಸ್ವಲ್ಪ ಪೆಟ್ರೋಲನ್ನು ಪಾರದರ್ಶಕವಾದ ಬಟ್ಟಲಿಗೆ ಇಳಿಸಿ ನೋಡಬೇಕು. ಇಂತಹ ವಿಮಾನಗಳಲ್ಲಿ ಸಾಮಾನ್ಯವಾಗಿ ಬಳಸುವ ಪೆಟ್ರೋಲು ನೀಲಿ ಬಣ್ಣದ್ದು. ನೀರಿದ್ದರೆ ಅಡಿಯಲ್ಲಿ ಬಣ್ಣವಿಲ್ಲದೆ ಬೇರೆಯಾಗಿ ನಿಲ್ಲುವುದು. ಬಟ್ಟಲು ತುಂಬ ನೀರೇ ಬಂದಿದ್ದರೆ ಗೆರೆ ಕಾಣದು. ಆದುದರಿಂದ ಬಣ್ಣವನ್ನೂ ವಾಸನೆಯನ್ನೂ ಪರೀಕ್ಷಿಸಬೇಕು. ಶುದ್ಧವಾದ ಪೆಟ್ರೋಲು ಬರುವವರೆಗೆ ಇಳಿಸಬೇಕು. ನೀರು ನಿಲ್ಲದೆ ಬರುತ್ತಿದ್ದರೆ ಅಂದು ಹಾರಕೂಡದು.

ಲಾಯದ ಅನುಕೂಲವಿಲ್ಲದವರು ಹೊದಿಕೆಯನ್ನು ಹಾಕುವುದು ಒಳ್ಳೆಯದು. ಆದರೆ ಅದು ಗಾಳಿಯಾಡುವ ಬಟ್ಟೆಯದಾಗಿರಬೇಕು. ಪ್ಲಾಸ್ಟಿಕ್ ಹಾಳೆಯು ಒಳಗಿನ ತೇವವನ್ನು ಬಂಧಿಸಿ ತುಕ್ಕನ್ನೂ ಬೂಷ್ಟನ್ನೂ ಬೆಳೆಸುವುದು. ಗಾಳಿಗೆ ಉಜ್ಜಿ ಕಿಟಕಿಯನ್ನು ಗೀರುವುದು. ಬಿಸಿಲು ಬಂದ ದಿನ ಬಾಗಿಲುಗಳನ್ನು ತೆರೆದು, ನೆಲದ ಜಮಖಾನವನ್ನು ತೆಗೆದು ಒಣಗಿಸಬೇಕು.

ಚಿಕ್ಕಬಾಣಾವರದ ತಾಯಿಯವರಿಗೆ ನಮ್ಮ ಉತ್ತರವಿಷ್ಟು: ಒದ್ದೆಯಾದ ಆಸನದಿಂದ ಭಯಪಡಬೇಕಾದುದಿಲ್ಲ, ಅದನ್ನು ಎಚ್ಚರಿಕೆಯೆಂದು ಎಣಿಸಬೇಕು. ಆಸನಕ್ಕೆ ನೀರು ಬಂದಿದ್ದರೆ ಕಾಣದ ಎಡೆಗಳಿಗೂ ಬಂದಿರಬಹುದು. ಮಳೆಗಾಲ ಮುಗಿಯುವವರೆಗೆ, ಮಗನು ಮನೆಯಿಂದ ಹೊರಡುವಾಗ “ಊಟವಾಯಿತೇನಪ್ಪ?” ಎಂದು ಕೇಳುವುದರ ಜೊತೆಗೆ “ಹಾರುವ ಮುಂಚೆ ತೊಟ್ಟಿಯ ತಳವನ್ನು ನೋಡುತ್ತೀಯಷ್ಟೆ?” ಎಂದೂ ಕೇಳಿರಿ. ಅವನು ಮತ್ತೆ ನಗಬಹುದು. ನಕ್ಕರೂ ನೋಡಿಯೇ ಹಾರುವನು.